ಕದ್ದಿದ್ದು ಸಾಬೀತಾಯಿತು, ನಷ್ಟ ಎಷ್ಟು?

ಕಾಪಿರೈಟ್ ಕೇಸು ಹಾಕಬೇಕು ಅಂತ ಬರುವವರು ಎರಡು ಪ್ರಿಂಟ್‌ಔಟ್ ಪಕ್ಕಪಕ್ಕ ಇಡುತ್ತಾರೆ. ‘ನೋಡಿ ಸಾರ್, ಒಂದೇ ಥರ ಇದೆ ಅಲ್ವಾ?’ ಇದೆ, ಸರಿ. ನಿಮಗೆ ಎಷ್ಟು ಹೋಯಿತು ಅಂತ ಕೇಳಿದರೆ ಮಾತ್ರ ಉತ್ತರ ಇರುವುದಿಲ್ಲ. ಕೇಸು ಸೊರಗುವುದು ಇಲ್ಲೇ.

ಜಾಹೀರಾತಿಗೆ ಕೇಳದೆ ಬಳಸಿದ ಫೋಟೋ ಒಂದಿದೆ ಅನ್ನಿ. ಬೆಲೆ ಕಟ್ಟಲಾಗದ ಫೋಟೋ ಅಂದರೆ ಕೋರ್ಟು ಒಪ್ಪುವುದಿಲ್ಲ. ಅಂಥದ್ದೇ ಫೋಟೋವನ್ನು ಹಿಂದೆ ಯಾರಿಗೆ, ಯಾವ ಬಳಕೆಗೆ, ಎಷ್ಟು ಕಾಲಕ್ಕೆ, ಎಷ್ಟಕ್ಕೆ ಕೊಟ್ಟಿದ್ದಿರಿ? ಆ ಹಳೇ ಬಿಲ್ಲುಗಳೇ ಸಾಕ್ಷಿ. ಜಗಳ ಶುರುವಾದ ಮೇಲೆ ಬರೆದ ದರಪಟ್ಟಿ ಪಾಟೀಸವಾಲಿನಲ್ಲಿ ನಿಲ್ಲುವುದಿಲ್ಲ.

ಎದುರಿನವರ ಲಾಭವನ್ನೂ ಕೇಳಬಹುದು. ಆದರೆ ಒಂದೇ ಹಣವನ್ನು ಎರಡು ಸಲ ಕೇಳುವಂತಿಲ್ಲ. ಅಮೆರಿಕದ ಕಾಯ್ದೆಯಲ್ಲಿ ಫಿರ್ಯಾದಿ ತೋರಿಸಬೇಕಾದದ್ದು ಆ ಕೃತಿಗೆ ನಂಟಿರುವ ಒಟ್ಟು ಆದಾಯ ಮಾತ್ರ. ಖರ್ಚೆಷ್ಟು, ಬೇರೆ ಕಾರಣದಿಂದ ಬಂದ ಲಾಭವೆಷ್ಟು ಅನ್ನುವುದನ್ನು ಪ್ರತಿವಾದಿಯೇ ಸಾಬೀತು ಮಾಡಬೇಕು. ಹಾಗಂತ ಇಡೀ ಕಂಪನಿಯ ವಹಿವಾಟನ್ನು ಸುಮ್ನೆ ಮುಂದಿಟ್ಟರೆ ನಡೆಯದು. ನಾಟಕವೊಂದನ್ನು ಕದ್ದು ಸಿನಿಮಾ ಮಾಡಿದ್ದ ಹಾಲಿವುಡ್ ಕಂಪನಿ ಎಂಜಿಎಂ ವಿರುದ್ಧದ ಕೇಸಿನಲ್ಲಿ, 1940ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ನಾಟಕಕಾರರಿಗೆ ಲಾಭದ ಶೇ. 20 ಮಾತ್ರ ಸಾಕು ಎಂಬ ತೀರ್ಪನ್ನು ಎತ್ತಿಹಿಡಿಯಿತು. ಜನ ಬಂದದ್ದು ತಾರೆಯರನ್ನು ನೋಡಲೂ ಹೌದಲ್ಲ!

ಲೆಕ್ಕ ಸಿಗದಿದ್ದರೆ ಅಮೆರಿಕದಲ್ಲಿ ಕಾಯ್ದೆಯೇ ಗೊತ್ತುಮಾಡಿದ ಪರಿಹಾರವಿದೆ: ಕೃತಿಯೊಂದಕ್ಕೆ 750ರಿಂದ 30,000 ಡಾಲರ್, ಬೇಕೆಂದೇ ಕದ್ದಿದ್ದರೆ 1,50,000ದವರೆಗೆ. ಇದಕ್ಕೆ ಕೃತಿಯನ್ನು ಸಕಾಲದಲ್ಲಿ ನೋಂದಾಯಿಸಿರಬೇಕು. ಎಲ್ಲ ದೇಶಗಳಲ್ಲೂ ಈ ಸೌಲಭ್ಯವಿಲ್ಲ.

ಇನ್ನು ಪ್ರತಿವಾದಿಯ ಕಡೆ. ‘ಹೆಸರು ಹಾಕಿದ್ದೆವಲ್ಲ’, ‘ಹತ್ತೇ ಸೆಕೆಂಡು ಬಳಸಿದ್ದು’ ಅನ್ನುವವೇ ಜಾಸ್ತಿ. ಎರಡೂ ತಾವಾಗಿಯೇ ರಕ್ಷಣೆ ಕೊಡುವುದಿಲ್ಲ. ಗೊತ್ತಿರಲಿಲ್ಲ ಅನ್ನುವುದು ತಪ್ಪನ್ನು ಅಳಿಸದು, ಕೆಲವು ಕಡೆ ಪರಿಹಾರದ ಮೊತ್ತ ಇಳಿಸಬಹುದು. ವಿಮರ್ಶೆಗೆ ಬಳಸಿದ್ದು ಅಂದರೆ ವಿಮರ್ಶೆ ಎಲ್ಲಿದೆ ಅಂತ ತೋರಿಸಬೇಕು. ಗಟ್ಟಿಯಾದ ವಾದ ಎರಡಿವೆ. ಒಂದು, ನಾವೇ ಸ್ವಂತವಾಗಿ ಮಾಡಿದ್ದು. ಅದಕ್ಕೆ ತಾರೀಕಿರುವ ಕರಡುಗಳು, ಮೂಲ ಫೈಲುಗಳು ಬೇಕು. ಇನ್ನೊಂದು ಅನುಮತಿ. ‘ಹಾಕ್ಕೊಳ್ಳಿ, ಪರವಾಗಿಲ್ಲ’ ಅಂತ ಫಿರ್ಯಾದಿ ಎಂದೋ ಕಳಿಸಿದ ವಾಟ್ಸಾಪ್ ಮೆಸೇಜು ಇಡೀ ಕೇಸನ್ನೇ ಮಲಗಿಸಬಲ್ಲದು. ಫಿರ್ಯಾದಿಯೇ ಅದನ್ನು ಮರೆತಿರುತ್ತಾರೆ!

ಆದ್ದರಿಂದ ನೋಟಿಸ್ ಕಳಿಸುವ ಮೊದಲೇ ನಿಮ್ಮ ಹಳೇ ಮೆಸೇಜು, ಮೇಲ್ ಎಲ್ಲ ತೆಗೆದು ಓದಿ. ಎದುರಿನವರ ಪುಟವನ್ನು ವಿಳಾಸ, ತಾರೀಕು ಕಾಣುವ ಹಾಗೆ ಸೇವ್ ಮಾಡಿಕೊಳ್ಳಿ. ನೋಟಿಸ್ ತಲುಪಿದ ಮೇಲೆ ಆ ಪುಟ ಅಲ್ಲಿರುವುದು ಅಪರೂಪ.