ಕಡತ ಎಲ್ಲಿ ನಿಲ್ಲುತ್ತದೆ? ಟಿಪ್ಪಣಿ ಹಾಳೆ, ಆದೇಶ, ಹಿಂಬರಹ

ಚಿಂಚೋಳಿ ತಾಲೂಕಿನ ಒಬ್ಬ ಅಭ್ಯರ್ಥಿ 371(ಜೆ) ಅರ್ಹತಾ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ್ದಾರೆ ಅಂದುಕೊಳ್ಳಿ. ಕಲ್ಯಾಣ ಕರ್ನಾಟಕದವರಿಗೆ ಉದ್ಯೋಗ, ಶಿಕ್ಷಣದಲ್ಲಿ ಮೀಸಲಾತಿ ಕೊಡುವ ಸಂವಿಧಾನದ ವಿಧಿ ಇದು. ಪ್ರಮಾಣಪತ್ರ ಕೊಡುವವರು ಸಹಾಯಕ ಆಯುಕ್ತರು. ಚಿಂಚೋಳಿ ಬರುವುದು ಸೇಡಂ ಉಪವಿಭಾಗಕ್ಕೆ. ಆದರೆ ಅರ್ಜಿದಾರರು ಎಲ್ಲಿ ಹುಟ್ಟಿದರು, ಎಷ್ಟು ವರ್ಷ ಈ ಭಾಗದಲ್ಲಿದ್ದಾರೆ ಎಂಬುದನ್ನು ಊರಲ್ಲೇ ವಿಚಾರಿಸಬೇಕು. ಹಾಗಾಗಿ ಗ್ರಾಮ ಆಡಳಿತ ಅಧಿಕಾರಿಯ ವರದಿ ಕಂದಾಯ ನಿರೀಕ್ಷಕರ ಮೂಲಕ ತಹಶೀಲ್ದಾರರಿಗೆ, ಅಲ್ಲಿಂದ ಸೇಡಂಗೆ ಏರುತ್ತದೆ. ಪರೀಕ್ಷೆಯ ಪಠ್ಯದಲ್ಲಿ ‘ಅಧಿಕಾರ ಶ್ರೇಣಿ’ ಅಂತ ಓದುವುದು ಇದನ್ನೇ: ಮಾಹಿತಿ ಇರುವುದು ಕೆಳಗೆ, ಸಹಿ ಇರುವುದು ಮೇಲೆ.

ಈ ಎರಡನ್ನೂ ಜೋಡಿಸುವುದು ಕಡತ. ಕಡತಕ್ಕೆ ಎರಡು ಭಾಗ. ಬಂದ ಅರ್ಜಿ, ಹೋದ ಪತ್ರ, ಲಗತ್ತುಗಳು ಪತ್ರವ್ಯವಹಾರ ಭಾಗದಲ್ಲಿ. ಕಚೇರಿಯ ವಿಚಾರವೆಲ್ಲ ಟಿಪ್ಪಣಿ ಹಾಳೆಯಲ್ಲಿ. ಟಪಾಲು ಆವಕ ರಿಜಿಸ್ಟರಿನಲ್ಲಿ ನಮೂದಾಗಿ ವಿಷಯ ನಿರ್ವಾಹಕರ ಮೇಜಿಗೆ ಬಂದ ಮೇಲೆ ಅವರು ಕಂಡಿಕೆ (ಪ್ಯಾರಾ) ಸಂಖ್ಯೆ ಹಾಕಿ ಬರೆಯುತ್ತಾರೆ. ಒಳ್ಳೆಯ ಕಂಡಿಕೆ ಹೀಗಿರುತ್ತದೆ:

“3. ಅರ್ಜಿದಾರರ ಶಾಲಾ ದಾಖಲೆ ಪುಟ 5ರಲ್ಲಿ, ವಾಸದ ಬಗ್ಗೆ ಸ್ಥಳ ವರದಿ ಪುಟ 7ರಲ್ಲಿದೆ. ನಿಯಮದಂತೆ ಅರ್ಹರಿರುವುದರಿಂದ ಪ್ರಮಾಣಪತ್ರ ನೀಡಬಹುದಾಗಿದೆ. ಆದೇಶಕ್ಕಾಗಿ ಮಂಡಿಸಿದೆ.”

ಸಂಗತಿ, ಅದರ ಪುಟ, ನಿಯಮ, ಸಲಹೆ ನಾಲ್ಕೂ ಇಲ್ಲಿವೆ. ಮೇಲಧಿಕಾರಿ ಒಪ್ಪಬಹುದು, ಒಪ್ಪದೆಯೂ ಇರಬಹುದು. ಒಪ್ಪದಿದ್ದರೆ ಕಾರಣವನ್ನು ಅದೇ ಹಾಳೆಯಲ್ಲಿ ಬರೆಯಬೇಕು. ಕಡತವನ್ನು ಕಂಪ್ಯೂಟರಿನಲ್ಲೇ ನಡೆಸುವ ಇ-ಆಫೀಸ್‌ನಲ್ಲಿ ಹಳದಿ ಟಿಪ್ಪಣಿ ಕರಡು, ತಿದ್ದಬಹುದು. ಹಸಿರು ಟಿಪ್ಪಣಿಯನ್ನು ಒಮ್ಮೆ ಮುಂದೆ ಕಳಿಸಿದರೆ ಮುಗಿಯಿತು, ತಿದ್ದಲು ಬರುವುದಿಲ್ಲ.

ಕೆಡುವುದು ಎರಡು ಪದಗಳಲ್ಲಿ: ‘ಚರ್ಚಿಸಿ’, ‘ಪರಿಶೀಲಿಸಿ ಮಂಡಿಸಿ’. ಚರ್ಚೆ ತಪ್ಪಲ್ಲ. ಆದರೆ ಏನು ತೀರ್ಮಾನವಾಯಿತು ಎಂದು ಮುಂದಿನ ಕಂಡಿಕೆಯಲ್ಲಿ ದಾಖಲಾಗದಿದ್ದರೆ ಕಡತ ಕೆಳಗಿಳಿದದ್ದಷ್ಟೇ ಲಾಭ, ಯಾರು ಏನು ಹೇಳಿದರು ಎಂಬುದಕ್ಕೆ ಗುರುತೇ ಇರುವುದಿಲ್ಲ. ಇನ್ನೊಂದು ಚಾಳಿ, ಒಂದೊಂದು ಸಲ ಒಂದೊಂದೇ ಆಕ್ಷೇಪಣೆ ಎತ್ತುವುದು. ಮೊದಲು ಶಾಲಾ ದಾಖಲೆ ಕೇಳಿ, ಅದು ಬಂದ ಮೇಲೆ ವಾಸದ ದಾಖಲೆ ಕೇಳಿದರೆ ಅದೇ ದಾರಿಯನ್ನು ಕಡತ ಎರಡು ಸಲ ತುಳಿಯುತ್ತದೆ. ಹೀಗೆ ಸುತ್ತುವ ಕಡತ ತಿರಸ್ಕೃತವಾಗಿರುವುದಿಲ್ಲ, ಅದೇ ತೊಡಕು. ತಿರಸ್ಕರಿಸಿದ್ದರೆ ಮೇಲ್ಮನವಿ ಹಾಕಬಹುದಿತ್ತು.

ಆದ್ದರಿಂದ ಅರ್ಜಿದಾರರು ಕೇಳಬೇಕಾದದ್ದು ಕಾರಣಸಹಿತ ಹಿಂಬರಹ, ಅಂದರೆ ಅರ್ಜಿಗೆ ಕಚೇರಿ ಬರೆದು ಕೊಡುವ ಉತ್ತರ. ಬಾಯಿಮಾತಿನ ‘ಆಗೋದಿಲ್ಲ’ ಲೆಕ್ಕಕ್ಕಿಲ್ಲ. ಮಾಹಿತಿ ಹಕ್ಕು ಕಾಯ್ದೆ 2005ರ ಕಲಂ 4(1)(ಡಿ) ಪ್ರಕಾರ ಬಾಧಿತರಿಗೆ ಆಡಳಿತ ತೀರ್ಮಾನದ ಕಾರಣ ತಿಳಿಸುವುದು ಕಚೇರಿಯದೇ ಹೊಣೆ.

ಪರೀಕ್ಷೆಗೆ ಸುಪ್ರೀಂ ಕೋರ್ಟಿನ ಎರಡು ತೀರ್ಪು ನೆನಪಿಡಿ. ಬಚ್ಚಿತ್ತರ್ ಸಿಂಗ್ ವಿರುದ್ಧ ಪಂಜಾಬ್ (1962): ಟಿಪ್ಪಣಿ ಹಾಳೆಯ ಒಪ್ಪಿಗೆ ಆದೇಶವಲ್ಲ, ಆದೇಶವಾಗಿ ಹೊರಟು ಸಂಬಂಧಪಟ್ಟವರಿಗೆ ತಿಳಿಸಿದ ಮೇಲಷ್ಟೇ ಅದಕ್ಕೆ ಬಲ. ಮೊಹಿಂದರ್ ಸಿಂಗ್ ಗಿಲ್ (1978): ಆದೇಶದಲ್ಲಿ ಬರೆಯದ ಕಾರಣವನ್ನು ಆಮೇಲೆ ಕೋರ್ಟಿನಲ್ಲಿ ಅಫಿಡವಿಟ್ ಹಾಕಿ ಸೇರಿಸಲಾಗದು. ‘ಸಾಹೇಬರು ಸಹಿ ಮಾಡ್ಯಾರ, ಕೆಲಸ ಆತು’ ಅನ್ನುವವರು ಮೊದಲನೆಯದನ್ನು ಓದಬೇಕು.

ಪತ್ರಗಳ ಬಗೆ ಸುಲಭ, ಬೇಗ ಮುಗಿಸೋಣ. ಅಧಿಸೂಚನೆ ರಾಜ್ಯಪತ್ರದಲ್ಲಿ ಪ್ರಕಟವಾಗುತ್ತದೆ. ಸುತ್ತೋಲೆ ಅಧೀನ ಕಚೇರಿಗಳಿಗೆ ಸೂಚನೆ ಮಾತ್ರ, ಅದರಿಂದ ನಿಯಮ ತಿದ್ದಲಾಗದು. ಅರೆ ಸರ್ಕಾರಿ ಪತ್ರ ಹೆಸರು ಹಿಡಿದು ಒಬ್ಬ ಅಧಿಕಾರಿ ಇನ್ನೊಬ್ಬರಿಗೆ ಬರೆಯುವುದು. ನೆನಪೋಲೆಗಳಿಗೆ ಜವಾಬು ಬರದಿದ್ದಾಗ ಸಾಮಾನ್ಯವಾಗಿ ಇದು ಹೊರಡುತ್ತದೆ.

ಇನ್ನು ಮೌನದ ವಿಚಾರ. ಗಡುವಿನೊಳಗೆ ಸೇವೆ ಕೊಡಬೇಕೆನ್ನುವ ರಾಜ್ಯದ ಕಾಯ್ದೆ ಸಕಾಲ. ಸೇವೆ ಅದರ ಪಟ್ಟಿಯಲ್ಲಿದ್ದರೆ ಸ್ವೀಕೃತಿಯಲ್ಲಿ 15 ಅಂಕಿಯ ಸಂಖ್ಯೆ ಇರುತ್ತದೆ. ಗಡುವು ಮೀರಿದರೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ. ದಿನಕ್ಕೆ ₹20ರಂತೆ ಗರಿಷ್ಠ ₹500 ಪರಿಹಾರ. ಮೊತ್ತ ಸಣ್ಣದು, ಆದರೆ ತಡ ಮಾಡಿದವರ ಜೇಬಿನಿಂದಲೇ ವಸೂಲಾಗುವ ಹಣ ಅದು. ಮಾಹಿತಿ ಹಕ್ಕು ಕಾಯ್ದೆ ಇನ್ನೂ ಗಟ್ಟಿ: 30 ದಿನದಲ್ಲಿ ಉತ್ತರ ಬರದಿದ್ದರೆ ಕಲಂ 7(2)ರಂತೆ ಅದು ನಿರಾಕರಣೆ. ದಂಡ ದಿನಕ್ಕೆ ₹250, ಗರಿಷ್ಠ ₹25,000.

ಮಾಹಿತಿ ಹಕ್ಕು ಅರ್ಜಿಯಲ್ಲಿ ‘ನನ್ನ ಕೆಲಸ ಯಾಕೆ ತಡವಾಗಿದೆ?’ ಎಂದು ಕೇಳಬೇಡಿ. ಕಾಯ್ದೆ ಕೊಡಿಸುವುದು ದಾಖಲೆಯನ್ನು, ವಿವರಣೆಯನ್ನಲ್ಲ. ‘ಇಂಥ ಸಂಖ್ಯೆಯ ಕಡತದ ಟಿಪ್ಪಣಿ ಹಾಳೆ ಕಂಡಿಕೆ 1ರಿಂದ ಇಂದಿನವರೆಗೆ, ಹಾಗೂ ಕಡತ ಯಾವ ಮೇಜಿಗೆ ಯಾವ ದಿನ ಹೋಯಿತು ಎಂಬ ದಾಖಲೆಯ ಪ್ರತಿ’ ಎಂದು ಬರೆಯಿರಿ. ಶುಲ್ಕ ₹10. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಉತ್ತರ ಬರದಿದ್ದರೆ ಅಥವಾ ಸರಿ ಇಲ್ಲದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ನಂತರ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ಆಯೋಗದ ಪೀಠ ಕಲಬುರಗಿಯಲ್ಲೂ ಇದೆ. ಉತ್ತರದ 30 ದಿನ ಎಣಿಸುವುದು ಕಚೇರಿಗೆ ಅರ್ಜಿ ಮುಟ್ಟಿದ ದಿನದಿಂದ, ಆದ್ದರಿಂದ ಅಂಚೆ ಸ್ವೀಕೃತಿ ಅಥವಾ ಆವಕ ಮುದ್ರೆ ಇರುವ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ.