ಹಳ್ಳ ನೋಡುವುದಾದರೆ ದಂಡೆಯನ್ನೂ ನೋಡಿ

ಶಿರಸಿ, ಸಿದ್ದಾಪುರದ ತೋಟಿಗರು ಹಳ್ಳದ ಯೋಗ್ಯತೆಯನ್ನು ಮಳೆಗಾಲದಲ್ಲಿ ಅಳೆಯುವುದಿಲ್ಲ. ಆಗ ಎಲ್ಲ ಹಳ್ಳವೂ ತುಂಬಿ ಹರಿಯುತ್ತದೆ, ಅಲ್ವಾ? ಏಪ್ರಿಲ್‌ನಲ್ಲೂ ನೀರಿದ್ದರೆ ಮಾತ್ರ ಅದು ಗಟ್ಟಿ ಹಳ್ಳ.

ಸರ್ಕಾರದ ಅಳತೆ ಬೇರೆ. 1974ರ ಜಲ ಕಾಯ್ದೆ ಬಂದದ್ದೇ ಊರು, ಕಾರ್ಖಾನೆಗಳ ಕೊಳೆ ತಡೆಯಲು. ಹಾಗಾಗಿ ಬಾಟಲಿಯಲ್ಲಿ ನೀರು ತುಂಬಿ ಲ್ಯಾಬಿಗೆ ಕಳಿಸುವುದೇ ರೂಢಿಯಾಯಿತು. ಅದೂ ಬೇಕು. ಆದರೆ ದಂಡೆಯ ಮರ ಹೋದದ್ದು ಬಾಟಲಿಗೆ ಗೊತ್ತಾಗುವುದಿಲ್ಲ. 1981ರಲ್ಲಿ ಅಮೆರಿಕದ ಜೇಮ್ಸ್ ಕಾರ್, ಹಳ್ಳದಲ್ಲಿ ಯಾವ ಮೀನುಗಳು ಬದುಕಿವೆ ಎಂದು ನೋಡಿ ಅಂಕ ಕೊಡುವ ಪದ್ಧತಿ ತಂದರು. ಮುಂದೆ ಬೇರೆ ದೇಶಗಳಲ್ಲಿ ದಂಡೆಯ ಕಾಡಿಗೂ ಅಂಕ ಬಂತು.

ನಮ್ಮಲ್ಲಿ ಆ ಹೊತ್ತಿಗೆ ಸಹಜ ಕಾಡು ಕಡಿದು ಸಾಗುವಾನಿ ನೆಡುವ ಕೆಲಸ ನಡೆದಿತ್ತು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಬಳಿಯ ಸಾಲ್ಕಣಿ ಊರಿನವರು ಕಡಿತ ತಡೆಯಲು ಮರ ಅಪ್ಪಿ ನಿಂತರು. ಅಪ್ಪಿಕೋ ಎಂಬ ಆ ಚಳವಳಿಯನ್ನು ನಾವು ಮರದ ಹೋರಾಟ ಎಂದಷ್ಟೇ ನೆನೆಯುತ್ತೇವೆ. ಕಾಡು ಹೋದರೆ ನೀರೂ ಹೋಗುತ್ತದೆ ಎಂಬ ಭಯ ಅದರ ಹಿಂದಿತ್ತು.

ಆ ಭಯ ಸುಮ್ನೆ ಹುಟ್ಟಿದ್ದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಈ ಭಾಗದ ಹಳ್ಳಗಳನ್ನು ಅಧ್ಯಯನ ಮಾಡಿದರು. ಹಳ್ಳಕ್ಕೆ ನೀರು ಇಳಿದು ಬರುವ ಜಾಗದಲ್ಲಿ ಶೇ. 60ಕ್ಕಿಂತ ಜಾಸ್ತಿ ಸ್ಥಳೀಯ ಮರಗಿಡಗಳಿದ್ದರೆ ಅದು ವರ್ಷವಿಡೀ ಹರಿಯುತ್ತದೆ ಎಂದು ಕಂಡರು. ಒಂದೇ ಜಾತಿಯ ನೆಡುತೋಪಿನ ಕೆಳಗಿನ ಹಳ್ಳ ಬೇಗ ಬತ್ತುತ್ತದೆ. ಸಹಜ ಕಾಡಿನ ದರಕು (ಉದುರಿದ ಒಣ ಎಲೆ), ಬೇರು, ಸಡಿಲ ಮಣ್ಣು ಮಳೆನೀರನ್ನು ಹಿಡಿದಿಟ್ಟು ನಿಧಾನ ಬಿಡುತ್ತವೆ.

ಸಿದ್ದಾಪುರದ ಕತ್ತಲೆಕಾನು ಎಂಬ ಕಾಡಿನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ರಾಮಪತ್ರೆ ಜಡ್ಡಿಯ, ಅಂದರೆ ರಾಮಪತ್ರೆ ಜಾತಿಯ ಮರಗಳು ಬೆಳೆಯುವ ಜೌಗು ಕಾಡಿನ, ಮರಗಳ ಬೇರು ಮಡಚಿದ ಮೊಣಕಾಲಿನಂತೆ ಕೆಸರಿನಿಂದ ಮೇಲೆದ್ದಿರುತ್ತದೆ. ಈ ಸೀಮೆಯ ಹಳ್ಳಗಳ ಇರುಳುಗಪ್ಪೆಯೊಂದಕ್ಕೆ 2014ರಲ್ಲಿ ವಿಜ್ಞಾನಿಗಳು ಕುಂಬಾರ ಎಂದು ಹೆಸರಿಟ್ಟರು. ಹೆಣ್ಣು ನೀರಿನ ಮೇಲೆ ಚಾಚಿದ ಕಡ್ಡಿಗೋ ಕಲ್ಲಿಗೋ ಮೊಟ್ಟೆ ಅಂಟಿಸುತ್ತದೆ. ಗಂಡು ಹಳ್ಳದ ಕೆಸರನ್ನು ಕೈಯಲ್ಲಿ ಎತ್ತಿ ಅದಕ್ಕೆ ಮೆತ್ತುತ್ತದೆ. ಅಡಿಕೆ ತೋಟ ಹಿಗ್ಗಿಸಲು ದಂಡೆ ಸವರಿದರೆ ಆ ಕಡ್ಡಿಯೂ ಇಲ್ಲ, ನೆರಳೂ ಇಲ್ಲ. ಬಾಟಲಿಯ ನೀರು ಮಾತ್ರ ಆಗಲೂ ಪಾಸಾಗಬಹುದು.

ಪಂಚಾಯಿತಿಗಳಲ್ಲಿ ಜೀವವೈವಿಧ್ಯ ದಾಖಲೆ ಪುಸ್ತಕ ಇರಬೇಕೆಂದು 2002ರ ಕಾಯ್ದೆಯಡಿ ನಿಯಮವಿದೆ. ಅದರಲ್ಲಿ ಪ್ರತಿ ಹಳ್ಳಕ್ಕೂ ಒಂದು ಪುಟ ಬೇಕು: ಯಾವ ತಿಂಗಳು ಬತ್ತಿತು, ದಂಡೆಯಲ್ಲಿ ಯಾವ ಮರಗಳಿವೆ, ಈ ವರ್ಷ ಯಾವುವು ಹೋದವು.