ಸರ್ಕ್ಯೂಟ್ ಸಾಫ್ಟ್‌ವೇರ್‌ನಲ್ಲಿ ಪಂಪು ಓಡಿದ ಕತೆ

ವೋಲ್ಟೇಜ್ ಅಂದರೆ ನೀರಿನ ಒತ್ತಡ ಇದ್ದ ಹಾಗೆ, ಕರೆಂಟ್ ಅಂದರೆ ಹರಿವು. ಶಾಲೆಯಲ್ಲಿ ವಿದ್ಯುತ್ ಪಾಠ ಶುರುವಾಗುವುದೇ ಹೀಗೆ, ಅಲ್ವಾ? ಎಂಜಿನಿಯರುಗಳು ಇದನ್ನೇ ಉಲ್ಟಾ ಮಾಡಿದ್ದಾರೆ. ಪಂಪು, ಪೈಪು, ವಾಲ್ವುಗಳನ್ನು ಸರ್ಕ್ಯೂಟಿನಂತೆ ಬರೆದು, ಚಿಪ್ ವಿನ್ಯಾಸಕ್ಕೆಂದು ಹುಟ್ಟಿದ ಸಾಫ್ಟ್‌ವೇರ್‌ನಲ್ಲಿ ಓಡಿಸಿ ನೋಡುತ್ತಾರೆ.

ಎರಡರ ಲೆಕ್ಕವೂ ಒಂದೇ ಆಗಿರುವುದರಿಂದ ಇದು ನಡೆಯುತ್ತದೆ. ಒಂದು ಜೋಡಣೆಗೆ ಬಂದ ಕರೆಂಟೆಲ್ಲ ಅಲ್ಲಿಂದ ಹೊರಗೆ ಹೋಗಲೇಬೇಕು ಎಂದು ಕಿರ್ಕಾಫ್ 1845ರಲ್ಲಿ ಹೇಳಿದ. ಪೈಪಿನ ಟೀ ಜಾಯಿಂಟಿಗೆ ಬಂದ ನೀರಿಗೂ ಅದೇ ನಿಯಮ. 1936ರಲ್ಲಿ ಅಮೆರಿಕದ ಹಾರ್ಡಿ ಕ್ರಾಸ್ ಪೈಪ್ ಜಾಲದ ಹರಿವನ್ನು ಕೈಯಲ್ಲೇ ಲೆಕ್ಕ ಹಾಕುವ ವಿಧಾನ ಕೊಟ್ಟರು. ಆ ಪ್ರಬಂಧದ ಶೀರ್ಷಿಕೆಯಲ್ಲೇ ಕೊಳವೆ, ವಾಹಕ ಎರಡೂ ಇದ್ದವು.

ತೊಡಕು ಇದ್ದದ್ದು ಘರ್ಷಣೆಯಲ್ಲಿ. ಕರೆಂಟಿಗೆ ತಡೆಯೊಡ್ಡುವ ರೆಸಿಸ್ಟರ್‌ನಲ್ಲಿ ಕರೆಂಟ್ ಎರಡು ಪಟ್ಟಾದರೆ ವೋಲ್ಟೇಜ್ ಕೂಡ ಎರಡು ಪಟ್ಟು. ಪೈಪಿನಲ್ಲಿ ರಭಸವಾಗಿ ಹರಿಯುವ ನೀರು ಎರಡು ಪಟ್ಟಾದರೆ ಒತ್ತಡದ ನಷ್ಟ ಹೆಚ್ಚುಕಮ್ಮಿ ನಾಲ್ಕು ಪಟ್ಟು. 1950ರ ಆಸುಪಾಸಿನಲ್ಲಿ ಮಾಲ್ಕಮ್ ಮೆಕಿಲ್ರಾಯ್ ಇದಕ್ಕೊಂದು ಚಂದದ ಉಪಾಯ ಮಾಡಿದರು. ಬಲ್ಬಿನಂಥ ಟಂಗ್‌ಸ್ಟನ್ ತಂತಿಗಳನ್ನೇ ರೆಸಿಸ್ಟರ್ ಆಗಿ ಬಳಸಿದರು. ಕರೆಂಟ್ ಹೆಚ್ಚಿದರೆ ತಂತಿ ಕಾಯುತ್ತದೆ, ಕಾದರೆ ಅದರ ತಡೆಯೂ ಜಾಸ್ತಿಯಾಗುತ್ತದೆ. ಊರಿನ ನೀರು ಸರಬರಾಜಿನ ಜಾಲವನ್ನು ಬಲ್ಬುಗಳಲ್ಲಿ ಕಟ್ಟಿ, ಮೀಟರ್ ಹಿಡಿದು ಅಳೆಯಬಹುದಿತ್ತು!

1973ರಲ್ಲಿ ಬರ್ಕ್ಲಿಯಲ್ಲಿ ಲಾರೆನ್ಸ್ ನೇಗಲ್ ಮತ್ತು ಅವರ ಗುರು ಡೊನಾಲ್ಡ್ ಪೆಡರ್ಸನ್ ಸರ್ಕ್ಯೂಟನ್ನು ಕಂಪ್ಯೂಟರಿನಲ್ಲೇ ಓಡಿಸಿ ನೋಡುವ 'ಸ್ಪೈಸ್' ಪ್ರೋಗ್ರಾಮನ್ನು ಹೊರತಂದರು. ಅದರ ಮುಂದಿನ ಆವೃತ್ತಿಗಳಲ್ಲಿ ನಮಗೆ ಬೇಕಾದ ಸೂತ್ರವನ್ನೇ ಬರೆದುಕೊಳ್ಳಬಹುದಾದ ವೋಲ್ಟೇಜ್ ಮೂಲ ಬಂತು. ಹರಿವಿನ ವರ್ಗಕ್ಕೆ ತಕ್ಕಂತೆ ಒತ್ತಡ ಇಳಿಯಲಿ ಎಂದು ಒಂದು ಸಾಲು ಬರೆದರೆ ಸಾಕು, ಬಲ್ಬು ಬೇಡ. ಎಲ್‌ಟಿಸ್ಪೈಸ್, ಎನ್‌ಜಿಸ್ಪೈಸ್‌ನಂಥವು ಪುಕ್ಕಟೆ ಸಿಗತೊಡಗಿದ ಮೇಲೆ ಯಾರು ಬೇಕಾದರೂ ಮಾಡಿ ನೋಡಬಹುದಾಯಿತು.

ಒಂದು ವೋಲ್ಟ್ ಅಂದರೆ ಒಂದು ಮೀಟರ್ ಹೆಡ್ (ಒಂದು ಮೀಟರ್ ಎತ್ತರದ ನೀರಿನ ಒತ್ತಡ), ಒಂದು ಆಂಪಿಯರ್ ಅಂದರೆ ಸೆಕೆಂಡಿಗೆ ಒಂದು ಲೀಟರ್ ಎಂದಿಟ್ಟುಕೊಳ್ಳಿ. 2 ಚದರ ಮೀಟರ್ ತಳದ ಟ್ಯಾಂಕು 2,000 ಫ್ಯಾರಡ್‌ನ ಕೆಪಾಸಿಟರ್ (ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಭಾಗ) ಆಗುತ್ತದೆ. 50 ಮಿಲಿಮೀಟರ್ ಒಳವ್ಯಾಸದ 100 ಮೀಟರ್ ಪೈಪಿನೊಳಗಿನ ನೀರಿನ ಜಡತ್ವ ಸುಮಾರು 5.2 ಹೆನ್ರಿಯ ಇಂಡಕ್ಟರ್ (ಕರೆಂಟ್ ಥಟ್ಟನೆ ಬದಲಾಗದಂತೆ ತಡೆಯುವ ಸುರುಳಿ). ಅದರಲ್ಲಿ ಸೆಕೆಂಡಿಗೆ 2 ಲೀಟರ್ ಹರಿಯುವಾಗ ಅರ್ಧ ಸೆಕೆಂಡಿನಲ್ಲಿ ಒಂದೇ ಸಮನೆ ಹರಿವು ಇಳಿಸಿ ವಾಲ್ವ್ ಮುಚ್ಚಿದರೆ 21 ಮೀಟರಿನಷ್ಟು ಹೆಚ್ಚುವರಿ ಒತ್ತಡ ಏಳುತ್ತದೆ. ಪೈಪು ದಡಾರ್ ಎನ್ನುವುದು ಇದಕ್ಕೇ.

ಆ ಪೆಟ್ಟನ್ನೇ ದುಡಿಸಿಕೊಂಡದ್ದು ಹೈಡ್ರಾಲಿಕ್ ರಾಮ್. ಬಲೂನಿನಿಂದ ಹೆಸರಾದ ಫ್ರಾನ್ಸಿನ ಜೋಸೆಫ್ ಮಾಂಗೊಲ್ಫಿಯೇ 1796ರಲ್ಲಿ ಮಾಡಿದ ಪಂಪು. ಇದಕ್ಕೆ ಮೋಟಾರೂ ಬೇಡ, ಡೀಸೆಲ್ಲೂ ಬೇಡ. ಇಳಿಜಾರಿನ ಪೈಪಿನಲ್ಲಿ ನೀರು ವೇಗ ಪಡೆಯುತ್ತದೆ, ಆ ರಭಸಕ್ಕೇ ಹೊರವಾಲ್ವ್ ಮುಚ್ಚಿಕೊಳ್ಳುತ್ತದೆ. ಒತ್ತಡ ಏರಿ, ಎನ್‌ಆರ್‌ವಿ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ತಳ್ಳಿಕೊಂಡು ಒಂದಿಷ್ಟು ನೀರು ಗಾಳಿಗೂಡಿಗೆ ನುಗ್ಗಿ ಎತ್ತರಕ್ಕೆ ಹೋಗುತ್ತದೆ. ಸರ್ಕ್ಯೂಟಿನಲ್ಲಿ ಬರೆಯಿರಿ: ಪೈಪಿಗೆ ಇಂಡಕ್ಟರ್, ಹೊರವಾಲ್ವಿಗೆ ಸ್ವಿಚ್, ಎನ್‌ಆರ್‌ವಿಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್, ಗಾಳಿಗೂಡಿಗೆ ಕೆಪಾಸಿಟರ್. 5 ವೋಲ್ಟನ್ನು 12 ಮಾಡುವ ಬೂಸ್ಟ್ ಕನ್ವರ್ಟರ್ ಇದೇ! ಎಲೆಕ್ಟ್ರಾನಿಕ್ಸ್ ಕಲಿತವರಿಗೆ ರಾಮ್ ಪಂಪು ಒಂದೇ ನೋಟಕ್ಕೆ ಅರ್ಥವಾಗುವುದು ಇದರಿಂದ.

ಊರಿಡೀ ಹರಡಿದ ಪೈಪ್ ಜಾಲಕ್ಕಾದರೆ 1993ರಿಂದ ಅದಕ್ಕೆಂದೇ ಮಾಡಿದ ಎಪಾನೆಟ್ ಸಾಫ್ಟ್‌ವೇರ್ ಇದೆ. ಅಲ್ಲಿಗೆ ಸ್ಪೈಸ್ ಎಳೆದು ತರುವುದು ಸುಮ್ನೆ ಹಟ. ಆದರೆ ಮೋಟಾರು, ಅದರ ವೇಗ ನಿಯಂತ್ರಿಸುವ ಡ್ರೈವ್, ಪಂಪು, ವಾಲ್ವು ಎಲ್ಲವನ್ನೂ ಒಂದೇ ಹಾಳೆಯಲ್ಲಿ ಕೂರಿಸಬೇಕಾದಾಗ ಇದರಷ್ಟು ಸಲೀಸು ಇನ್ನೊಂದಿಲ್ಲ ಅನ್ನುವುದು ನನ್ನ ಅನಿಸಿಕೆ.

ಎಚ್ಚರ ಬೇಕಿರುವುದು ಹೀರುವ ಕಡೆಯಲ್ಲಿ. ವೋಲ್ಟೇಜ್ ಮೈನಸ್ 30ಕ್ಕೆ ಇಳಿದರೆ ಸ್ಪೈಸ್ ತಕರಾರು ಮಾಡುವುದಿಲ್ಲ. ನೆಲದ ಮೇಲೆ ಕೂತ ಪಂಪು 30 ಮೀಟರ್ ಆಳದಿಂದ ನೀರು ಹೀರಿತು ಎಂದು ಗ್ರಾಫ್ ಬರೆದುಕೊಡುತ್ತದೆ. ವಾತಾವರಣದ ಒತ್ತಡ ನೀರನ್ನು ಎತ್ತುವುದು ಸಮುದ್ರಮಟ್ಟದಲ್ಲೂ ಹೆಚ್ಚೆಂದರೆ 10.3 ಮೀಟರ್. ಆಳದ ಬೋರ್‌ವೆಲ್‌ಗೆ ಸಬ್‌ಮರ್ಸಿಬಲ್ ಇಳಿಸುವುದೂ ಅದಕ್ಕೇ. ಡಯೋಡ್ ಸೇರಿಸಿ ಒತ್ತಡ ಮೈನಸ್ 10ರ ಕೆಳಗೆ ಹೋಗದಂತೆ ಕಟ್ಟಬಹುದು. ಆದರೆ ನೀರಿನಲ್ಲಿ ಎದ್ದ ಆವಿಗುಳ್ಳೆಗಳು ಒಡೆದು ಪಂಪಿನೊಳಗೆ ತಿರುಗುವ ಚಕ್ರವನ್ನು (ಇಂಪೆಲ್ಲರ್) ತಿನ್ನುವುದನ್ನು ಆ ಡಯೋಡ್ ತೋರಿಸುವುದಿಲ್ಲ.